ಭತ್ತದ ಕಣದ ಮೇಲೆ ಪಿಕಲ್‌ಬಾಲ್

೧೮ ಜನವರಿ ೨೦೧೦, ಸೋಮವಾರ

ಸಂಕ್ರಾಂತಿ ಮುಗಿದ ಮೇಲೆ ನಮ್ಮ ಗಿರಣಿ ತಿರುಗಿಲ್ಲ. ಭತ್ತ ತಂದರೂ ಇಳಿಸುವ ಹಮಾಲರಿಲ್ಲ. ಎಲ್ಲರೂ ಸಂಡೂರಿನ ಗುಡ್ಡಕ್ಕೆ ಅದಿರು ತುಂಬಲು ಹೋಗಿಬಿಟ್ಟಿದ್ದಾರೆ. ಇವರು, ನಮ್ಮ ಯಜಮಾನರು, ಬೆಳಿಗ್ಗೆಯಿಂದ ಗಿರಣಿಯ ಮೆಟ್ಟಿಲ ಮೇಲೆ ಕೂತು ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತಿರುತ್ತಾರೆ. ಊಟಕ್ಕೆ ಒಮ್ಮೆ ಕರೆದೆ. ಮತ್ತೆ ಕರೆಯಲು ಧೈರ್ಯವಾಗಲಿಲ್ಲ.

ಸಂಜೆ ಡ್ಯಾಂ ಶಾಲೆಯ ಆಟದ ಟೀಚರ್ ಹೇಮಾವತಿ ಬಂದಿದ್ದಳು. ಮುಂಬೈಗೆ ತರಬೇತಿಗೆ ಹೋಗಿದ್ದಾಗ ಹೊಸದೊಂದು ಆಟ ಕಲಿತಳಂತೆ. ಪಿಕಲ್‌ಬಾಲ್. ಚೀಲದಿಂದ ಮರದ ಬ್ಯಾಟುಗಳನ್ನೂ ಮೈತುಂಬ ತೂತಿರುವ ಹಳದಿ ಪ್ಲಾಸ್ಟಿಕ್ ಚೆಂಡನ್ನೂ ತೆಗೆದು ತೋರಿಸಿದಳು. ಚಪಾತಿ ಮಣೆಗೆ ಹಿಡಿಕೆ ಹಚ್ಚಿದ ಹಾಗಿದೆ ಆ ಬ್ಯಾಟು.

"ಪಿಕಲ್ ಅಂದ್ರ ಉಪ್ಪಿನಕಾಯಿ ಅಲ್ಲೇನು? ಚೆಂಡಿಗೂ ಉಪ್ಪು ಖಾರ ಹಚ್ತಾರೇನವಾ?" ಎಂದರು ಅತ್ತೆ.

ಹೇಮಾವತಿ ನಗಲಿಲ್ಲ. ಇವರ ಕಡೆ ತಿರುಗಿ, "ಸರ್, ಶಾಲಿ ಮೈದಾನ ಬರೇ ಕಲ್ಲು, ಈ ಚೆಂಡು ಪುಟಿಯಂಗಿಲ್ಲ. ನಿಮ್ಮ ಕಣ ನೋಡ್ರಿ, ಕನ್ನಡಿ ಇದ್ದಂಗೈತಿ. ಮುಂಜಾನಿ ಒಂದು ತಾಸು ಆಡ್ಕೊಂಡು ಹೋಗ್ತೀವ್ರಿ" ಎಂದಳು.

ಕುದಿಸಿದ ಭತ್ತ ಒಣಗಿಸಲು ಮಾವನವರು ಹಾಕಿಸಿದ ಸಿಮೆಂಟು ಕಣ ಅದು. ಇವರು ಅದರ ಕಡೆ ನೋಡಿ, "ಆಡ್ಕೊಳ್ರಿ. ಖಾಲಿ ಬಿದ್ದೈತಿ" ಎಂದರು. ಎಷ್ಟೋ ದಿನಗಳ ಮೇಲೆ ಇವರು ಒಂದು ಮಾತಿಗೆ ಹೂಂ ಅಂದಿದ್ದು.

೨೫ ಜನವರಿ, ಸೋಮವಾರ

ಸುಣ್ಣದ ಗೆರೆ ಎಳೆದು, ಎರಡು ಬಿದಿರು ನೆಟ್ಟು, ನಡುವೆ ಹಳೆಯ ಮೀನಿನ ಬಲೆ ಕಟ್ಟಿದ್ದಾರೆ. ಡ್ಯಾಂ ಕ್ವಾರ್ಟರ್ಸಿನ ಹೆಂಗಸರು ಬರುತ್ತಾರೆ. ಕಣ ಗುಡಿಸಲು ಬಂದ ನಮ್ಮ ಜಂಬವ್ವ ಪೊರಕೆ ಹಿಡಿದು ನೋಡುತ್ತ ನಿಂತಿದ್ದಳು. ಆಟಕ್ಕೆ ಒಬ್ಬರು ಕಡಿಮೆಯಾದರೆಂದು ಹೇಮಾವತಿ ಅವಳ ಕೈಗೇ ಬ್ಯಾಟು ಕೊಟ್ಟಳು. ಭತ್ತ ಹರವಿ, ಎಳೆದು, ಗುಡ್ಡೆ ಹಾಕಿದ ತೋಳು ಅದು. ಅವಳು ಹೊಡೆದ ಚೆಂಡನ್ನು ಇಂಜಿನಿಯರ್ ಹೆಂಡತಿಗೆ ಮುಟ್ಟಲೂ ಆಗಲಿಲ್ಲ.

ಬಲೆಯ ಹತ್ತಿರದ ಪಟ್ಟಿಗೆ ಈ ಆಟದಲ್ಲಿ ಅಡಿಗೆಮನೆ ಎನ್ನುತ್ತಾರಂತೆ. ಅದರೊಳಗೆ ನಿಂತು, ಇನ್ನೂ ನೆಲಕ್ಕೆ ಬಿದ್ದು ಪುಟಿಯದ ಚೆಂಡನ್ನು ಹೊಡೆಯುವಂತಿಲ್ಲ. ಜಂಬವ್ವ ಸೊಂಟದ ಮೇಲೆ ಕೈಯಿಟ್ಟು, "ಆಟದಾಗೂ ಅಡಿಗಿ ಮನಿ ಬೆನ್ನು ಬಿಡಲಿಲ್ಲಲ್ರೀ ನಮಗ!" ಎಂದಳು. ಎಲ್ಲರೂ ನಕ್ಕರು. ನಾನು ಹಿತ್ತಲ ಬಾಗಿಲಲ್ಲೇ ನಿಂತಿದ್ದೆ. ಕೆಲಸದವರ ಜೊತೆ ಟೀಚರ್ ಇಷ್ಟು ಸಲಿಗೆ ಮಾಡಬಾರದಿತ್ತು.

೩ ಫೆಬ್ರವರಿ, ಬುಧವಾರ

ಇವತ್ತು ನಾನೂ ಆಡಿದೆ. ಇವರು ಕಂಪ್ಲಿಗೆ ಹೋಗಿದ್ದರು. ಇಲ್ಲದಿದ್ದರೆ ಕೇಳಬೇಕಾಗುತ್ತಿತ್ತು.

ನನ್ನನ್ನು ಜಂಬವ್ವನ ಜೋಡಿ ಹಾಕಿದರು. ಅವಳು ಹಿಡಿದಿದ್ದ ಬ್ಯಾಟನ್ನೇ ನನಗೆ ಕೊಟ್ಟಳು, ಅವಳ ಕೈಯ ಬೆವರು ಹಿಡಿಕೆಯಲ್ಲೇ ಇತ್ತು. ಯಾರೂ ನೋಡದ ಹಾಗೆ ಸೆರಗಿನಿಂದ ಒರೆಸಿಕೊಂಡೆ. ಮೊದಲ ಚೆಂಡು ಬಲೆಗೆ, ಎರಡನೆಯದು ಗಿರಣಿಯ ತಗಡಿಗೆ. "ಅಮ್ಮಾರ, ಸಿಟ್ಟು ಮಾಡ್ಬ್ಯಾಡ್ರಿ, ಮೆಲ್ಲಕ ತಳ್ರಿ ಅದನ್ನ" ಎಂದಳು ಜಂಬವ್ವ. ನನಗೆ ಸಿಟ್ಟು ಬಂದಿದೆಯೆಂದು ಅವಳಿಗೆ ಹೇಗೆ ಗೊತ್ತಾಯಿತೋ.

ಅತ್ತೆ ಕಿಟಕಿಯಿಂದ ನೋಡಿದ್ದಾರೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ಈ ನೀಲಗಂಗಮ್ಮನ ಸೊಸಿ ಸೆರಗು ಸಿಗಿಸಿ ಕುಣಿತಾಳಂತ ನಾಳೆ ಮಠದಾಗ ಮಾತಾಡ್ತಾರ" ಎಂದರು. ನಾನು ತಲೆ ತಗ್ಗಿಸಿ ಮಜ್ಜಿಗೆ ಬಡಿಸಿದೆ. ಮೈಯೆಲ್ಲ ನೋವು. ಆದರೂ ಯಾಕೋ ಚೆನ್ನಾಗಿ ನಿದ್ದೆ ಬರುವ ಹಾಗಿದೆ.

೧೨ ಫೆಬ್ರವರಿ, ಶುಕ್ರವಾರ. ಶಿವರಾತ್ರಿ

ಉಪವಾಸದ ಮನೆಗೆ ಮರಿಸ್ವಾಮಿ ಬಂದ. ಇವರ ಜೊತೆ ಕಾಲೇಜಿನಲ್ಲಿ ಓದಿದವನು. ಆಗ ಸೈಕಲ್ಲೂ ಇರಲಿಲ್ಲ ಅವನಿಗೆ, ಈಗ ಅದಿರಿನ ವ್ಯಾಪಾರ. ಬಿಳಿ ಕಾರು ಅದಿರಿನ ಧೂಳಿಗೆ ಕೆಂಪಾಗಿತ್ತು.

"ಮನೋಹರ, ಈ ಹೊಟ್ಟು ಎಷ್ಟು ದಿನ ಕುಟ್ತಿ? ನಿನ್ನ ಕಣ ನನಗ ಕೊಡು. ಅದಿರು ಸ್ಟಾಕ್ ಮಾಡ್ತೀನಿ. ರಸ್ತಿ ಬಾಜೂಕ ಇಂಥ ಜಾಗ ಇನ್ನೊಂದಿಲ್ಲ. ಕುಂತಲ್ಲೇ ಬಾಡಿಗಿ ಬರತೈತಿ."

ಇವರ ಮುಖದಲ್ಲಿ ಬಣ್ಣ ಬಂದಿದ್ದನ್ನು ನೋಡಿದೆ. ಅವನು ಹೋದ ಮೇಲೆ ಹಣ್ಣಿನ ತಟ್ಟೆ ಇಡುತ್ತ ಮೆಲ್ಲಗೆ ಕೇಳಿದೆ, "ಬೇಸಿಗಿ ಭತ್ತ ಬಂದ್ರ ಎಲ್ಲಿ ಒಣಗಿಸೂದು? ಜಂಬವ್ವನಂಥವ್ರು ಏನ್ ಮಾಡ್ಬೇಕು?"

"ಯಾವ ಭತ್ತ? ಎಲ್ಲೈತಿ ಭತ್ತ?" ಎಂದು ಕೂಗಿದರು. ತಟ್ಟೆ ತಳ್ಳಿದ ಹೊಡೆತಕ್ಕೆ ದ್ರಾಕ್ಷಿ ನೆಲದ ತುಂಬ ಉರುಳಿದವು. ನಾನು ಆಯ್ದುಕೊಂಡೆ. ನನ್ನದೇ ತಪ್ಪು. ಹಬ್ಬದ ದಿನ ಕೇಳಬಾರದಿತ್ತು.

೨೧ ಫೆಬ್ರವರಿ, ಭಾನುವಾರ

ಕಣದಲ್ಲಿ ಇವತ್ತು ಜಾತ್ರೆಯಷ್ಟು ಜನ. ಕಮಲಾಪುರದ ಬಾಳೆಕಾಯಿ ವ್ಯಾಪಾರಿಗಳು ಬಡಿಗನಿಂದ ಪ್ಲೈವುಡ್ ಬ್ಯಾಟು ಮಾಡಿಸಿಕೊಂಡು ಟೆಂಪೋದಲ್ಲಿ ಬಂದಿದ್ದರು. ಕಾಲುವೆ ಆಫೀಸಿನವರು ಕ್ವಾರ್ಟರ್ಸಿನಲ್ಲೇ ಒಂದು ಗೆರೆ ಹಾಕಿಕೊಂಡಿದ್ದಾರಂತೆ, ಆದರೂ ಇಲ್ಲಿಗೇ ಬರುತ್ತಾರೆ. ಕಂಪ್ಲಿಯ ಗಿರಣಿ ಹೆಂಗಸರೂ ಶುರು ಮಾಡಿದ್ದಾರಂತೆ, ಬಂದು ಆಡಿ ಎಂದು ಹೇಳಿ ಕಳಿಸಿದ್ದಾರೆ. ನಾನೂ ಜಂಬವ್ವನೂ ಕಮಲಾಪುರದ ಇಬ್ಬರು ಗಂಡಸರನ್ನು ಸೋಲಿಸಿದೆವು! ಕೊನೆಯ ಚೆಂಡನ್ನು ನಾನು ಬಲೆಯ ಮೇಲಿಂದ ಮೆಲ್ಲಗೆ ಇಳಿಬಿಟ್ಟೆ. ಅವರು ಓಡಿ ಬರುವಷ್ಟರಲ್ಲಿ ಸತ್ತೇ ಹೋಗಿತ್ತು. ಜಂಬವ್ವ ನನ್ನ ಬೆನ್ನಿಗೆ ಎಂಥ ಏಟು ಕೊಟ್ಟಳೆಂದರೆ ಇನ್ನೂ ಉರಿಯುತ್ತಿದೆ.

ತಿರುಗಿ ನೋಡಿದರೆ ಗೇಟಿನ ಬಳಿ ಇವರು.

ಒಳಗೆ ಬಂದ ಮೇಲೆ, "ಗಿರಣಿ ಏನು ಸಂತಿ ಮಾಡೀರಾ? ಮಾತು ಮುಗದೈತಿ ಮರಿಸ್ವಾಮಿ ಜೋಡಿ. ನಾಳಿಂದ ಬಂದ್ ಮಾಡು" ಎಂದರು.

"ಕಂಪ್ಲಿಯವ್ರ ಜೋಡಿ ಆಟ ಇಟ್ಕೊಂಡೀವಿ. ಅಲ್ಲೀತನಕ ಬಿಡ್ರಿ" ಎಂದೆ. ಹೇಳಿ ಅಲ್ಲೇ ನಿಂತಿದ್ದೆ.

"ಒಂದನೇ ತಾರೀಖಿನ ತನಕ. ಅವತ್ತು ಮಾಲು ಬರತೈತಿ. ಆಮ್ಯಾಲ ಒಬ್ರೂ ಕಾಣಬಾರ್ದು" ಎಂದರು. ಬಾಗಿಲಲ್ಲಿ ನಿಂತಿದ್ದ ಜಂಬವ್ವನಿಗೂ ಹೇಮಾವತಿಗೂ ಹಾಗೆಯೇ ಹೇಳಿದರು.

೨೬ ಫೆಬ್ರವರಿ, ಶುಕ್ರವಾರ

ಸೀರೆಯ ಮೇಲಿನ ರಕ್ತ ಹೋಗಿಲ್ಲ.

ಆಗಷ್ಟೇ ಬೆಳಕು ಹರಿದಿತ್ತು. ಜಂಬವ್ವ ಹಿಂದಿನ ಗೆರೆಯ ಹತ್ತಿರ, ಹಿಂಬದಿ ಗೇಟಿಗೆ ಬೆನ್ನು ಮಾಡಿ ನಿಂತಿದ್ದಳು. ಅದಿರು ತುಂಬಿದ ಟಿಪ್ಪರ್ ಲಾರಿ ಗೇಟಿನೊಳಗೆ ಹಿಮ್ಮುಖವಾಗಿ ನುಗ್ಗಿತು. ಹಾರ್ನ್ ಇಲ್ಲ, ಏನಿಲ್ಲ. ನಾನು ಕೂಗಿದೆ. ಚೆಂಡಿನ ಬಗ್ಗೆ ಕೂಗುತ್ತಿದ್ದೇನೆಂದು ಅವಳು ಮೇಲೆ ನೋಡಿದಳು.

ಎಡಗಾಲು. ಮೊಣಕಾಲಿನ ಕೆಳಗೆ.

ಡ್ರೈವರ್ ಅದಿರನ್ನು ಅಲ್ಲೇ ಸುರುವಿ ಓಡಿಹೋದ. ಒಂದನೇ ತಾರೀಖು ಎಂದಿದ್ದರಲ್ಲ. ಒಂದನೇ ತಾರೀಖು ಎಂದೇ ಹೇಳಿದ್ದರು. ಈ ಮಾತನ್ನು ಇವರಿಗೆ ಎಷ್ಟು ಸಲ ಹೇಳಿದೆನೋ. ಇವರೂ ಬೆಚ್ಚಿಬಿದ್ದಿದ್ದಾರೆ, "ಮರಿಸ್ವಾಮಿ ನನಗೂ ಹಂಗ ಹೇಳಿದ್ದ, ನನಗೂ ಹಂಗ ಹೇಳಿದ್ದ" ಎನ್ನುತ್ತಿದ್ದಾರೆ. ಜಂಬವ್ವನನ್ನು ಬಳ್ಳಾರಿಗೆ ಒಯ್ದಿದ್ದಾರೆ.

೨೭ ಫೆಬ್ರವರಿ, ಶನಿವಾರ

ಬೆಳಿಗ್ಗೆ ಎದ್ದಾಗ ಹಿಂಬದಿ ಗೇಟಿಗೆ ಒಂದು ಬೋರ್ಡು. "ಖಾಸಗಿ ಅದಿರು ದಾಸ್ತಾನು ಸ್ಥಳ. ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ." ಬಣ್ಣ ಇನ್ನೂ ಹಸಿಯಾಗಿತ್ತು, ನನ್ನ ಬೆರಳಿಗೆ ಅಂಟಿತು. ಸುಣ್ಣದ ಗೆರೆಗಳನ್ನು ಯಾರೋ ತೊಳೆದುಹಾಕಿದ್ದಾರೆ.

ಮರಿಸ್ವಾಮಿ ಹಜಾರದಲ್ಲಿ ಕೂತು ಚಹಾ ಕುಡಿಯುತ್ತ ಪಾಠ ಒಪ್ಪಿಸುವವನಂತೆ ಹೇಳಿದ. "ಜಾಗ ಆಗಲೇ ನನ್ನ ಕೈಗೆ ಬಂದಿತ್ತು. ಬೋರ್ಡು ಮೊದ್ಲಿಂದ ಇತ್ತು. ಹೆಣ್ಮಕ್ಕಳು ಕೇಳ್ದ, ಹೇಳ್ದ ಒಳಗ ಬಂದಿದ್ರು. ಇಷ್ಟೇ ಮನೋಹರ. ಠಾಣಾದಾಗ ಇಷ್ಟ ಹೇಳಿದ್ರ ನೀನೂ ಉಳದಿ, ನಾನೂ ಉಳದೆ. ಆಕಿ ಖರ್ಚು ನಾ ನೋಡ್ಕೊಂತೀನಿ."

ಇವರು ಕಪ್ಪಿನೊಳಗೆ ನೋಡುತ್ತ ಕೂತಿದ್ದರು. ಇಲ್ಲ ಎನ್ನಲಿಲ್ಲ.

೨ ಮಾರ್ಚ್, ಮಂಗಳವಾರ

ಯಾರೂ ಏನೂ ನೋಡಿಲ್ಲ. ಕಾಲುವೆ ಆಫೀಸಿನವರು ಅವತ್ತು ಬಂದೇ ಇರಲಿಲ್ಲವಂತೆ. ಬಾಳೆಕಾಯಿಯವರು ಫೋನ್ ಎತ್ತುವುದಿಲ್ಲ. ಮೊನ್ನೆ ಕಣದ ತುಂಬ ಇದ್ದ ಜನ ಎಲ್ಲಿ ಹೋದರು?

ಹೇಮಾವತಿಯ ಮನೆಗೆ ಹೋದೆ. ಬಾಗಿಲು ಅರ್ಧ ಮಾತ್ರ ತೆರೆದಳು. "ನಂದು ಟೆಂಪ್ರವರಿ ನೌಕರಿ ಅಕ್ಕಾ. ನಿನ್ನೆ ಇಬ್ರು ಶಾಲಿಗೇ ಬಂದಿದ್ರು. ಏನೂ ಅನ್ನಲಿಲ್ಲ. ಟೀಚರ್ ಚಲೋ ಅದೀರೇನ್ರಿ ಅಂದು ಹೋದ್ರು." ಅವಳು ಅಳುತ್ತಿದ್ದಳು. ನಾನು ಬಂದುಬಿಟ್ಟೆ.

ನಮ್ಮ ಗೇಟಿನೆದುರಿಗೂ ಒಂದು ಬೈಕು ನಿಲ್ಲುತ್ತದೆ. ಸವಾರ ಇಳಿಯುವುದಿಲ್ಲ, ಹೋಗುವುದೂ ಇಲ್ಲ.

೪ ಮಾರ್ಚ್, ಗುರುವಾರ

ಬಳ್ಳಾರಿಗೆ ಹೋಗಿದ್ದೆ. ಬಸ್ಸಿನ ಹಿಂದೆ ಸ್ವಲ್ಪ ದೂರ ಆ ಬೈಕು ಬಂತು. ಊರು ದಾಟಿದ ಮೇಲೆ ಕಾಣಲಿಲ್ಲ.

ಜಂಬವ್ವನ ಕಾಲಿಗೆ ಕಬ್ಬಿಣದ ಸರಳು ಹಾಕಿದ್ದಾರೆ. ಕಾಲು ಉಳಿಯುತ್ತದಂತೆ, ಆದರೆ ಕುಕ್ಕರಗಾಲಲ್ಲಿ ಕೂರಲು ಇನ್ನು ಆಗುವುದಿಲ್ಲ. ಇಷ್ಟು ಸಣ್ಣ ಹೆಂಗಸೇ ಇವಳು ಅನ್ನಿಸಿತು. ಕಣದಲ್ಲಿ ಎಷ್ಟು ಎತ್ತರ ಕಾಣುತ್ತಿದ್ದಳು.

ಕಾಲಿನ ಮಾತೇ ಆಡಲಿಲ್ಲ ಅವಳು. "ಮರಿಸ್ವಾಮಿ ಕಡಿಯವ್ರು ಹಣ್ಣು ತಂದಿದ್ರು ಅಮ್ಮಾರ. ನಾ ಕೇಳ್ದ ಕಣಕ್ಕ ಬಂದಿದ್ನಿ ಅಂತ ಹೆಬ್ಬಟ್ಟು ಒತ್ತು ಅಂದ್ರು. ಕೈ ಸೆರಗಿನ್ಯಾಗ ಮುಚ್ಕೊಂಡೆ. ಮದಿವ್ಯಾಗಿ ಬಂದಾಗಿಂದ ಆ ಕಣ ಬಳದೀನಿ. ಅಲ್ಲಿ ನಾ ಕಳ್ಳಿ ಆದ್ನೇನ್ರಿ?"

ರೊಟ್ಟಿ, ಪುಂಡಿಪಲ್ಯ ಒಯ್ದಿದ್ದೆ. ಒಬ್ಬಳೇ ತಿನ್ನಲು ಅವಳು ಒಪ್ಪಲಿಲ್ಲ. ಡಬ್ಬಿಯ ಮುಚ್ಚಳವೊಂದೇ ಇದ್ದದ್ದು, ಅದರಲ್ಲೇ ಇಬ್ಬರೂ ತಿಂದೆವು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು.

೫ ಮಾರ್ಚ್, ಶುಕ್ರವಾರ

"ಸೋಮವಾರ ಠಾಣಾಕ್ಕ ಹೋಗಬೇಕು. ನೀನು ಮನ್ಯಾಗಿರು. ಯಾರರ ಕೇಳಿದ್ರ, ನನಗೇನೂ ಗೊತ್ತಿಲ್ಲ ಅನ್ನು" ಎಂದರು ಮನೋಹರ್.

"ಗೊತ್ತೈತಲ್ಲ" ಎಂದೆ.

"ಶಾಂಭವಿ, ತಿಳ್ಕೊ. ಅಂವನ ಕೈ ಬಿಟ್ರ ಗಿರಣಿ ಉಳಿಯಂಗಿಲ್ಲ. ಅಪ್ಪ ಕಟ್ಟಿದ್ದು ನನ್ನ ಕೈಯಾಗ ಹೋಗತೈತಿ. ಊರಾಗ ಹೆಂಗ ತಿರುಗಾಡ್ಲಿ?"

ಅವರ ಕಣ್ಣಲ್ಲಿ ನೀರಿತ್ತು. ಹದಿನೆಂಟರ ಹುಡುಗನ ಮುಖದ ಹಾಗಿತ್ತು ಅದು. ನನಗೆ ಅಯ್ಯೋ ಅನ್ನಿಸಿತು, ಆದರೆ ಹೂಂ ಅನ್ನಲು ಬಾಯಿ ಬರಲಿಲ್ಲ. ಒಳಗಿನಿಂದ ಅತ್ತೆ, "ಗಂಡನ ಮಾತಿಗೆ ಎದುರಾಗಿ ಠಾಣಾ ಹತ್ತಿದಾಕಿ ಈ ಮನ್ಯಾಗ ಯಾರೂ ಇಲ್ಲ" ಎಂದರು.

ಹಾಸಿಗೆ ಬೇರೆ ಹಾಸಿಕೊಂಡಿದ್ದೇನೆ.

೮ ಮಾರ್ಚ್, ಸೋಮವಾರ

ಎಲ್ಲವನ್ನೂ ಬರೆದಿಡುತ್ತೇನೆ.

ಅವರು ಮರಿಸ್ವಾಮಿಯ ಕಾರಿನಲ್ಲಿ ಹೊರಟುಹೋದ ಮೇಲೆ ನಾನು ಸೀರೆ ಬದಲಿಸಿದೆ. ಅತ್ತೆ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಅತ್ತಿ, ಕಾಲು ಸರಸ್ರಿ" ಎಂದೆ. ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಕಾಲು ಸರಿಸಿದರು.

ಆಟೋದವನಿಗೆ ಠಾಣೆ ಎಂದಾಗ ಬೈಕಿನವನು ಕೇಳಿಸಿಕೊಂಡ. ಹತ್ತಿರ ಬಂದು, "ಅಮ್ಮಾರ, ಬಿಸಿಲು ಭಾಳ ಐತಿ, ಮನ್ಯಾಗಿರ್ರಿ" ಎಂದ. ನಗುನಗುತ್ತಲೇ ಹೇಳಿದ. ಆಟೋದವನು ನನ್ನನ್ನೂ ಅವನನ್ನೂ ನೋಡಿದ. "ನಡಿಯಪ್ಪ" ಎಂದೆ.

ಠಾಣೆಯಲ್ಲಿ ಸಾಹೇಬರ ಮೇಜಿನೆದುರು ಮನೋಹರ್ ಕೂತಿದ್ದರು. ಅವರ ಪಕ್ಕದಲ್ಲಿ ಮರಿಸ್ವಾಮಿ. ಬರೆದುಕೊಳ್ಳುವವನು ಅದಾಗಲೇ ಒಂದು ಹಾಳೆ ತುಂಬಿಸಿದ್ದ. ನನ್ನನ್ನು ನೋಡಿ ಮರಿಸ್ವಾಮಿ ಎದ್ದ. "ಅರೇ ಅತ್ತಿಗಿ, ಯಾಕ ತೊಂದ್ರಿ ತಗೊಂಡ್ರಿ. ಸಾಹೇಬ್ರ, ಇವ್ರಿಗೆ ಆ ದಿನದಿಂದ ಮನಸ್ಸಿಗೆ ಸರಿ ಇಲ್ಲ."

"ನನಗ ಸರಿ ಐತಿ" ಎಂದೆ. "ನಾನೂ ಹೇಳ್ಬೇಕು. ಬರ್ಕೊಳ್ರಿ."

ಸಾಹೇಬರು ಕುರ್ಚಿ ತೋರಿಸಿದರು. ಕೂರಲಿಲ್ಲ. ಕೂತರೆ ಮತ್ತೆ ಏಳಲಾರೆ ಅನ್ನಿಸಿತು. ಆಟಕ್ಕೆ ಅಪ್ಪಣೆ ಕೊಟ್ಟವರು ನನ್ನ ಯಜಮಾನರು. ಒಂದನೇ ತಾರೀಖಿನವರೆಗೂ ಆಡಿಕೊಳ್ಳಿ ಎಂದು ಜಂಬವ್ವನಿಗೆ ನನ್ನ ಎದುರಿಗೇ ಹೇಳಿದ್ದರು. ಟಿಪ್ಪರ್ ಮೊದಲೇ ಬಂತು, ಹಾರ್ನ್ ಹಾಕಲಿಲ್ಲ. ಬೋರ್ಡು ಬಂದದ್ದು ಮರುದಿನ. ಗೆರೆ ತೊಳೆದದ್ದೂ ಮರುದಿನ. ಇಷ್ಟನ್ನೇ ಹೇಳಿದೆ. ಒಂದು ಮಾತೂ ಹೆಚ್ಚಿಗೆ ಹೇಳಲಿಲ್ಲ. ಹೇಳುವಾಗ ಮನೋಹರ್ ಕಡೆ ನೋಡಲಿಲ್ಲ.

ಮರಿಸ್ವಾಮಿ ನಕ್ಕ. "ಗಂಡ ಒಂದು ಹೇಳ್ತಾನ, ಹೆಂಡ್ತಿ ಒಂದು ಹೇಳ್ತಾಳ. ಮನಿ ಜಗಳ ಸಾಹೇಬ್ರ ಇದು."

ಸಾಹೇಬರು ಮನೋಹರ್ ಕಡೆ ತಿರುಗಿದರು. "ಏನ್ರಿ, ನಿಮ್ಮ ಮನಿಯವ್ರು ಹಿಂಗಂತಾರ?"

ಮನೋಹರ್ ಮೇಜಿನ ಮೇಲಿನ ಹಾಳೆ ನೋಡುತ್ತ ಕೂತರು. ಫ್ಯಾನಿನ ಗಾಳಿಗೆ ಆ ಹಾಳೆ ಏಳುತ್ತಿತ್ತು, ಬೀಳುತ್ತಿತ್ತು. ಹೊರಗೆ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು, ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಅವರು ಮಾತಾಡುವುದಿಲ್ಲ, ಇವತ್ತಿಗೆ ಮುಗಿಯಿತು, ತವರಿಗೆ ಹೋಗಬೇಕು, ಯಾವ ಬಸ್ಸು ಹಿಡಿಯಲಿ ಎಂದು ನಾನು ಯೋಚಿಸುತ್ತಿದ್ದೆ. ನಿಜವಾಗಿಯೂ ಬಸ್ಸನ್ನೇ ಯೋಚಿಸುತ್ತಿದ್ದೆ.

ಆಗ ಅವರು ಬರೆಯುವವನ ಕಡೆ ಬಾಗಿ, "ನಾ ಹೇಳಿದ್ದು ಒಮ್ಮೆ ಓದ್ರಿ" ಎಂದರು.

ಅವನು ಓದಿದ. ಬೋರ್ಡು ಇತ್ತು, ಜಾಗ ಕೊಟ್ಟಾಗಿತ್ತು, ಹೆಂಗಸರು ಕೇಳದೆ ಬಂದರು.

"ಅದನ್ನ ಹೊಡದ್ ಹಾಕ್ರಿ" ಎಂದರು ಮನೋಹರ್. "ಆಕಿ ಹೇಳಿದ್ದ ಬರೀರಿ."

ಮರಿಸ್ವಾಮಿ ಅವರ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಏನೋ ಅಂದ. ಅವರ ಮುಖ ಬಿಳಿಚಿತು. ಆದರೂ ಮಾತು ಬದಲಿಸಲಿಲ್ಲ.

ಮನೆಗೆ ನಡೆದೇ ಬಂದೆವು. ಅವರು ಮುಂದೆ, ನಾನು ಹಿಂದೆ. ರಸ್ತೆ ದಾಟುವಾಗ ಮಾತ್ರ ನಿಂತು, ಲಾರಿ ಹೋಗುವ ತನಕ ಕೈ ಅಡ್ಡ ಹಿಡಿದರು.

೧೬ ಮಾರ್ಚ್, ಮಂಗಳವಾರ. ಯುಗಾದಿ

ಕಣದ ವ್ಯವಹಾರ ಮುರಿಯಿತು. ಮರಿಸ್ವಾಮಿ ತಾನು ಕೊಟ್ಟಿದ್ದ ಮುಂಗಡವನ್ನೆಲ್ಲ ವಾಪಸು ಕೇಳಿದ್ದಾನೆ. ಗಿರಣಿಯಲ್ಲಿ ಉಳಿದ ಹೊಟ್ಟು ಕೊಂಡೊಯ್ಯುವವರೂ ಬರುವುದನ್ನು ನಿಲ್ಲಿಸಿದ್ದಾರೆ, ಯಾರು ನಿಲ್ಲಿಸಿದರೆಂದು ಗೊತ್ತಿದೆ. ಹಿಂಬದಿ ಗೇಟಿನ ಬೀಗಕ್ಕೆ ಯಾರೋ ಸಗಣಿ ಮೆತ್ತಿ ಹೋಗಿದ್ದರು. ಮನೋಹರ್ ತಾವೇ ತೊಳೆದರು. ನನ್ನ ಜೊತೆ ಅಗತ್ಯವಿದ್ದಷ್ಟೇ ಮಾತು. ರಾತ್ರಿ ಎದ್ದು ಕೂತಿರುತ್ತಾರೆ. ನಾನೂ ಎದ್ದಿರುತ್ತೇನೆ. ಹೋಳಿಗೆ ಮಾಡಿದೆ, ತಿಂದರು.

೩೦ ಮಾರ್ಚ್, ಮಂಗಳವಾರ

ಹೇಮಾವತಿ ಬಂದು ಗೇಟಿನ ಹೊರಗೇ ನಿಂತಿದ್ದಳು. ಅವಳೂ ಠಾಣೆಗೆ ಹೋಗಿ ಹೇಳಿ ಬಂದಳಂತೆ. ನೌಕರಿ ಏನಾಗುತ್ತದೋ ಗೊತ್ತಿಲ್ಲ ಎಂದಳು. ಒಳಗೆ ಕರೆದು ಕೂರಿಸಿದೆ. ಮನೋಹರ್ ಕಂಪ್ಲಿಯಲ್ಲಿ ರೈತರ ಮನೆಮನೆಗೂ ತಿರುಗುತ್ತಿದ್ದಾರೆ, ಬೇಸಿಗೆ ಭತ್ತ ನಮಗೇ ಕೊಡಿ ಎಂದು ಕೇಳಲು. ಇಬ್ಬರು ಹೂಂ ಅಂದಿದ್ದಾರೆ. ಇಬ್ಬರಿಂದ ಗಿರಣಿ ನಡೆಯುವುದಿಲ್ಲ.

೧೧ ಏಪ್ರಿಲ್, ಭಾನುವಾರ

ಕೇಸು ಮುಗಿಯುವ ತನಕ ಪೊಲೀಸರು ಆ ಅದಿರನ್ನು ಎತ್ತಲು ಬಿಟ್ಟಿಲ್ಲ, ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿದೆ. ಉಳಿದ ಜಾಗದಲ್ಲಿ ಗೆರೆ ಎಳೆದೆವು. ಕಂಪ್ಲಿಯವರೇ ಇಲ್ಲಿಗೆ ಬಂದರು, ಟ್ರ್ಯಾಕ್ಟರಿನಲ್ಲಿ, ಹಾಡು ಹೇಳಿಕೊಂಡು. ಬಾಳೆಕಾಯಿಯವರು ಮುಖ ತೋರಿಸಲಿಲ್ಲ. ಕ್ವಾರ್ಟರ್ಸಿನಿಂದ ಇಬ್ಬರು ಬಂದರು. ಅತ್ತೆ ಕಿಟಕಿಯ ಎರಡೂ ಬಾಗಿಲು ತೆಗೆದು ಕೂತಿದ್ದರು, ಬಿಸಿಲಿಗಂತೆ.

ಜಂಬವ್ವನನ್ನು ಆಟೋದಲ್ಲಿ ಕರೆತಂದೆ. ಬಲೆಯ ಪಕ್ಕ ಕುರ್ಚಿ ಹಾಕಿ, ಅಕ್ಕಿ ಮೂಟೆಯ ಮೇಲೆ ಕಾಲು ಇಡಿಸಿ, ತೀರ್ಪು ಹೇಳುವ ಕೆಲಸ ಕೊಟ್ಟೆವು. ಭತ್ತ ಬಂದಾಗಲೂ ಹಾಗೆಯೇ ಕೂತು ಕಣದ ಉಸ್ತುವಾರಿ ಮಾಡು ಎಂದೆ. ಕೂಲಿ ಎಷ್ಟು ಎಂದು ಮೊದಲು ಹೇಳಿ ಎಂದಳು. ಮನೋಹರ್ ಬಂದು ಅವಳೆದುರು ನಿಂತರು. "ಮೂಟಿ ಎತ್ತರ ಆಗೈತೇನು?" ಎಂದು ಕೇಳಿದರು. "ಸ್ವಲ್ಪ ಆಗೈತ್ರಿ" ಎಂದಳು. ಅವರು ಬಗ್ಗಿ ಸರಿಮಾಡಿದರು.

ಹೇಮಾವತಿಯೂ ನಾನೂ ಜೋಡಿ. ನಮ್ಮದು ಒಂಬತ್ತು, ಅವರದು ಹತ್ತು, ಹನ್ನೊಂದಾದವರು ಗೆದ್ದ ಹಾಗೆ. ನಾನು ಉದ್ದಕ್ಕೆ ಹೊಡೆದೆ, ಹಿಂದಿನ ಗೆರೆಗೆ. ಕಂಪ್ಲಿಯ ಹೆಂಗಸು ಹೊಡೆಯದೆ ಬಿಟ್ಟೇಬಿಟ್ಟಳು. ನಾನು ಕೈ ಎತ್ತುವಷ್ಟರಲ್ಲಿ ಜಂಬವ್ವ ಕುರ್ಚಿಯಿಂದಲೇ ಕೂಗಿದಳು:

"ಹೊರಗ! ಹೊರಗ ಬಿತ್ತು, ಶಾಂಭವಿ! ಕಣ್ಣು ಕಾಣಂಗಿಲ್ಲೇನ್ ನಿನಗ? ಕೈ ಇಳಸು!"

ಜನ ಹೋ ಎಂದರು. ಮುಂದಿನ ಚೆಂಡಿಗೆ ಆಟವೇ ಹೋಯಿತು, ನಾವು ಸೋತೆವು. ಸಂಜೆಯವರೆಗೂ ಅವಳ ಜೊತೆ ವಾದ ಮಾಡಿದೆ, ಒಪ್ಪಲೇ ಇಲ್ಲ. ಎಂಥ ಹಟಮಾರಿ ಹೆಂಗಸು. ಚೆಂಡು ಗೆರೆಯ ಮೇಲೇ ಬಿದ್ದಿತ್ತು. ನಾನು ಕಣ್ಣಾರೆ ನೋಡಿದ್ದೇನೆ.